‘ಆ ಕಾಲವೇ ಹಾಗಿತ್ತು’ ಅನ್ನುವವರಿಗೆ

ಸೇಲಂನ ಮಾಟಗಾತಿ ವಿಚಾರಣೆಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು “ಆ ಕಾಲವೇ ಹಾಗಿತ್ತು ಬಿಡಿ” ಅಂದು ಕೈ ತೊಳೆದುಕೊಳ್ಳುತ್ತಾರೆ. ಜೊತೆಗೆ ನ್ಯಾಯಾಧೀಶ ಸ್ಯಾಮ್ಯುಯೆಲ್ ಸ್ಯೂಯಲ್‌ನ ಹೆಸರು ಬೇರೆ. ಪಾಪ, ಆಮೇಲೆ ಕ್ಷಮೆ ಕೇಳಿದನಲ್ಲ ಅಂತ!

ಕೇಳಿದ, ನಿಜ. ಆದರೆ ಈ ಮನುಷ್ಯ ಯಾರು ಅಂತ ಸ್ವಲ್ಪ ನೋಡೋಣ. 1652ರಲ್ಲಿ ಇಂಗ್ಲೆಂಡಿನ ಬಿಷಪ್‌ಸ್ಟೋಕ್‌ನಲ್ಲಿ ಹುಟ್ಟಿದವನು. ಮುತ್ತಜ್ಜ ಕೊವೆಂಟ್ರಿಯ ಮೇಯರ್ ಆಗಿದ್ದವನು. 1661ರಲ್ಲಿ ಮ್ಯಾಸಚೂಸೆಟ್ಸ್‌ಗೆ ಬಂದ, 1671ರಲ್ಲಿ ಹಾರ್ವರ್ಡ್ ಮುಗಿಸಿದ. 1676ರಲ್ಲಿ ಮದುವೆಯಾಗಿದ್ದು ಹಾನಾ ಹಲ್‌ಳನ್ನು. ಮಾವ ಜಾನ್ ಹಲ್ ಇಡೀ ವಸಾಹತಿಗೆ ಬೆಳ್ಳಿ ನಾಣ್ಯ ಟಂಕಿಸುತ್ತಿದ್ದವನು! (ಮಗಳ ತೂಕದಷ್ಟು ಶಿಲ್ಲಿಂಗ್ ವರದಕ್ಷಿಣೆ ಕೊಟ್ಟ ಅನ್ನೋದು ಕಟ್ಟುಕಥೆ, ಅದನ್ನು ಪ್ರಸಿದ್ಧ ಮಾಡಿದವನು ಹಾಥಾರ್ನ್.) ಅಂದರೆ ಓದು, ದುಡ್ಡು, ನೆಂಟಸ್ತಿಕೆ ಯಾವುದಕ್ಕೂ ಕೊರತೆಯಿರಲಿಲ್ಲ. ಕಾನೂನು ಮಾತ್ರ ಓದಿರಲಿಲ್ಲ.

1692ರ ಆ ನ್ಯಾಯಾಲಯಕ್ಕೆ ನೇಮಕವಾದವರು ಒಂಬತ್ತು ಜನ. ನೇಣಿಗೇರಿದವರು ಹತ್ತೊಂಬತ್ತು. ಗೈಲ್ಸ್ ಕೋರಿ ಅನ್ನೋ ಮುದುಕ ಆರೋಪಕ್ಕೆ ಉತ್ತರಿಸಲು ಒಪ್ಪಲಿಲ್ಲವೆಂದು ಮೈಮೇಲೆ ಕಲ್ಲು ಹೇರಿ ಕೊಂದರು. ಸಾಕ್ಷಿ ಏನು ಅಂದರೆ, ಆಕೆಯ ರೂಪದ ಭೂತ ಬಂದು ನನ್ನನ್ನು ಚಿವುಟಿತು ಅನ್ನೋ ಮಾತು!

ಈಗ ನನ್ನ ಜಗಳದ ವಿಷಯಕ್ಕೆ ಬರ್ತೀನಿ. ಆ ಒಂಬತ್ತರಲ್ಲಿ ನಥಾನಿಯಲ್ ಸಾಲ್ಟನ್‌ಸ್ಟಾಲ್ ಅಂತ ಒಬ್ಬನಿದ್ದ. ಅವನೂ ಹಾರ್ವರ್ಡಿನವನೇ, ಅವನದೂ ದೊಡ್ಡ ಮನೆತನವೇ, ಮ್ಯಾಸಚೂಸೆಟ್ಸ್ ಕಟ್ಟಿದವರಲ್ಲೊಬ್ಬನಾದ ಸರ್ ರಿಚರ್ಡ್‌ನ ಮೊಮ್ಮಗ. ಜೂನ್ 10ರಂದು ಬ್ರಿಜೆಟ್ ಬಿಷಪ್‌ಳನ್ನು ನೇಣಿಗೆ ಹಾಕಿದರು ನೋಡಿ, ಅದು ಮೊದಲನೆಯದು. ಅಷ್ಟಕ್ಕೇ ಈತ ರಾಜೀನಾಮೆ ಕೊಟ್ಟು ಎದ್ದು ಹೋದ. ಅದೇ ಕಾಲ, ಅದೇ ದೇವರು, ಅದೇ ಪೀಠ. ಇನ್ನು ‘ಕಾಲ’ದ ಮೇಲೆ ಹೇಗ್ರೀ ಗೂಬೆ ಕೂರಿಸ್ತೀರಿ?

ಸ್ಯೂಯಲ್ ಎದ್ದು ಹೋಗಲಿಲ್ಲ. ಅವನಿಗೆ ಚುರುಕು ಮುಟ್ಟಿದ್ದು ತನ್ನ ಮನೆಯಲ್ಲಿ ಸಾವಾದಾಗ. ಅವನ ಹದಿನಾಲ್ಕು ಮಕ್ಕಳಲ್ಲಿ ಹೆಚ್ಚಿನವರು ಎಳವೆಯಲ್ಲೇ ಹೋದರು. 1696ರ ಡಿಸೆಂಬರಿನಲ್ಲಿ ಎರಡು ವರ್ಷದ ಸಾರಾ ತೀರಿಕೊಂಡಳು. ಮರುದಿನ ಮಗ ಬೈಬಲ್ಲಿನಿಂದ ನಿರಪರಾಧಿಗಳಿಗೆ ಶಿಕ್ಷೆ ವಿಧಿಸಿದ ಮಾತಿರುವ ವಾಕ್ಯ ಓದಿದಾಗ ಸೇಲಂ ನೆನಪಾಯಿತು ಅಂತ ತಾನೇ ಡೈರಿಯಲ್ಲಿ ಬರೆದಿದ್ದಾನೆ. 1697ರ ಜನವರಿ 14ರಂದು ಬೋಸ್ಟನ್ನಿನ ಸೌತ್ ಚರ್ಚಿನಲ್ಲಿ ಎದ್ದು ನಿಂತ, ಪಾದ್ರಿ ಅವನ ತಪ್ಪೊಪ್ಪಿಗೆ ಓದಿದರು. ಅದರಲ್ಲಿ ತನ್ನ ಕುಟುಂಬಕ್ಕೆ ಬಿದ್ದ ದೇವರ ಏಟುಗಳ ಪ್ರಸ್ತಾಪ ಇದೆ. ಸತ್ತವರ ಒಂದು ಹೆಸರೂ ಇಲ್ಲ.

ಎಲ್ಲರೆದುರು ತಲೆ ತಗ್ಗಿಸಿ ನಿಲ್ಲೋದು ಸಣ್ಣ ಮಾತಲ್ಲ, ಒಪ್ಪಿದೆ. 1700ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಿಕೆಯನ್ನೂ ಬರೆದ (ಕಪ್ಪು ಜನ ನಮ್ಮೊಂದಿಗೆ ಬೆರೆಯಲಾರರು ಅಂತಲೂ ಅದರಲ್ಲೇ ಬರೆದ, ಅದನ್ನು ಯಾರೂ ಹೇಳಲ್ಲ). ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಅಂತೂ 1701ರಲ್ಲಿ ಸಾಯುವವರೆಗೂ ಕ್ಷಮೆ ಕೇಳಲೇ ಇಲ್ಲ. ಅವನ ಹೆಸರಿನಲ್ಲಿ ಒಂದು ಊರೇ ಇದೆ, ಹಾರ್ವರ್ಡಿನಲ್ಲಿ ಕಟ್ಟಡವೂ ಇದೆ. ಶಿಕ್ಷೆಗೊಳಗಾದ ಎಲಿಜಬೆತ್ ಜಾನ್ಸನ್‌ಳ ಹೆಸರಿನ ಕಳಂಕ ತೊಳೆಯೋದಕ್ಕೆ ಮಾತ್ರ 2022 ಬರಬೇಕಾಯಿತು.

ಸ್ಯೂಯಲ್‌ನನ್ನು ಹೊಗಳಿ, ಬೇಡ ಅನ್ನಲ್ಲ. ಆದರೆ ಮೊದಲು ಸಾಲ್ಟನ್‌ಸ್ಟಾಲ್‌ನ ಹೆಸರು ಹೇಳಿ. ಬೈಯೋರು ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ.