ಬೀಗದ ಕೈ ಯಾರ ಸೊಂಟದಲ್ಲಿದೆ?



ನನ್ನ ಅಜ್ಜಿಯ ಸೊಂಟದಲ್ಲಿ ಬೀಗದ ಕೈಗಳ ಗೊಂಚಲೊಂದು ಸದಾ ತೂಗುತ್ತಿತ್ತು. ಉಗ್ರಾಣದ್ದು, ಅಕ್ಕಿ ಪೆಟ್ಟಿಗೆಯದ್ದು, ಹಾಲು ಮೊಸರಿಡುವ ಬೀರುವಿನದ್ದು ಎಲ್ಲವೂ ಅದರಲ್ಲಿದ್ದವು. ತಿಜೋರಿಯದ್ದು ಮಾತ್ರ ಅಜ್ಜನ ಬಳಿ. ಅಜ್ಜಿಗೆ ತವರಿನವರು ಕೊಟ್ಟ ಒಡವೆ ಇದ್ದುದೂ ಅದೇ ತಿಜೋರಿಯಲ್ಲಿ. ಇದನ್ನು ಯಾರೂ ಅನ್ಯಾಯ ಎಂದು ಕರೆಯಲಿಲ್ಲ. ಮನೆಯ ಪದ್ಧತಿ ಎಂದರು, ಅಷ್ಟೆ.

ಇಂದು ನಮ್ಮ ತಿಜೋರಿ ಮೊಬೈಲಿನೊಳಗೆ ಸೇರಿದೆ. ಗೃಹಲಕ್ಷ್ಮಿಯ ಹಣ ಜಮೆಯಾದ ಸುದ್ದಿ ಬರುವುದು ಅಲ್ಲಿಗೇ. ಸಂಘದ ಕಂತು ಕಳಿಸುವುದು, ಮಕ್ಕಳ ಅಂಕಪಟ್ಟಿ ಡಿಜಿಲಾಕರಿನಲ್ಲಿ ಇಡುವುದು, ತವರಿಗೆ ನಾಲ್ಕು ಮಾತು ಬರೆಯುವುದು ಎಲ್ಲವೂ ಅಲ್ಲೇ. ಈ ತಿಜೋರಿಯ ಬೀಗದ ಕೈ ಪಾಸ್‌ವರ್ಡ್. ಅದು ಮರೆತುಹೋದರೆ ಯಾರು ತೆರೆದುಕೊಡುತ್ತಾರೆ? ಇದು ಯಂತ್ರದ ವಿಷಯ, ನಮಗೇಕೆ ಎಂದು ತಳ್ಳಿಹಾಕುವಂತಿಲ್ಲ. ಅಜ್ಜಿಯ ಕಾಲದ ಪ್ರಶ್ನೆಯೇ ಹೊಸ ಸೀರೆ ಉಟ್ಟು ನಮ್ಮ ಮುಂದೆ ನಿಂತಿದೆ.

ಮೊದಲು ನನ್ನ ಪೆದ್ದುತನವನ್ನೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನಾನು ಒಂದು ದಿನ ನನ್ನ ಇಮೇಲಿನ ಪಾಸ್‌ವರ್ಡ್ ಮರೆತೆ. ಮನೆಯವರಿಗೆ ಹೇಳಲು ನಾಚಿಕೆ. 'ವಯಸ್ಸಾಯಿತು' ಎಂದು ನಕ್ಕಾರು ಎಂಬ ಅಳುಕು. ಯಾರಿಗೂ ಹೇಳದೆ ಅಂತರ್ಜಾಲದಲ್ಲಿ ಹುಡುಕಿ, 'ಸಹಾಯವಾಣಿ' ಎಂದು ಕಂಡ ಒಂದು ಸಂಖ್ಯೆಗೆ ಫೋನು ಮಾಡಿದೆ. ಆ ಕಡೆಯವನು ಬಹಳ ಮರ್ಯಾದೆಯಿಂದ 'ಅಮ್ಮಾ' ಎಂದೇ ಮಾತಾಡಿದ. ಒಂದು ಆ್ಯಪ್ ಹಾಕಿಕೊಳ್ಳಿ, ನಿಮ್ಮ ಫೋನು ನನಗೆ ಕಾಣುತ್ತದೆ, ನಾನೇ ಸರಿಮಾಡುತ್ತೇನೆ ಎಂದ. ಅಷ್ಟರಲ್ಲಿ ಕಾಫಿ ತಂದ ತಂಗಿಯ ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡು ಕರೆ ಕತ್ತರಿಸಿದಳು. ಇಂಥ ಆ್ಯಪಿನ ಮೂಲಕ ಹಣ ದೋಚುತ್ತಾರೆ ಎಂದು ರಿಸರ್ವ್ ಬ್ಯಾಂಕು 2019ರಲ್ಲೇ ಎಚ್ಚರಿಸಿತ್ತು. ಎಂ.ಎ. ಓದಿದ ನನಗೆ ಅದು ತಿಳಿದಿರಲಿಲ್ಲ.

ನನ್ನನ್ನು ಅವನ ಬಾಯಿಗೆ ದೂಡಿದ್ದು ಮರೆವಲ್ಲ, ನಾಚಿಕೆ. ಮರೆಯುವುದು ಅಪರಾಧವಲ್ಲ. ಎಲ್ಲ ಕಂಪನಿಗಳೂ ತಮ್ಮ ಬಾಗಿಲಲ್ಲೇ 'ಪಾಸ್‌ವರ್ಡ್ ಮರೆತಿರಾ?' ಎಂದು ಬರೆದಿಟ್ಟಿರುವುದು ಲೋಕವೆಲ್ಲ ಮರೆಯುತ್ತದೆ ಎಂದು ತಿಳಿದೇ.

ಆಮೇಲೆ ಸರಿಯಾದ ದಾರಿಯಲ್ಲಿ ಹೋದೆವು. ಯಾರಿಗೂ ಫೋನು ಮಾಡಲಿಲ್ಲ. ಗೂಗಲ್ ಖಾತೆಗೆ ಒಳಹೋಗುವ ಪುಟದಲ್ಲೇ ಇರುವ ಆ ಪ್ರಶ್ನೆಯನ್ನು ಒತ್ತಿದೆವು. ದಿನವೂ ಬಳಸುವ ಫೋನಿನಿಂದ, ದಿನವೂ ಇರುವ ಮನೆಯಿಂದಲೇ ಪ್ರಯತ್ನಿಸಬೇಕು. ಆಗ ಕೇಳುತ್ತಿರುವವಳು ನೀವೇ ಎಂದು ನಂಬಲು ಅವರಿಗೆ ಸುಲಭ. ಹಳೆಯ ಪಾಸ್‌ವರ್ಡ್ ಯಾವುದಾದರೂ ನೆನಪಿದ್ದರೆ ಅದನ್ನೂ ಹೇಳಬಹುದು. ಕೊನೆಗೆ, ಹಿಂದೆಂದೋ ಕೊಟ್ಟಿದ್ದ ನನ್ನ ಮೊಬೈಲ್ ಸಂಖ್ಯೆಗೆ ಒಂದು ಗುಪ್ತಸಂಖ್ಯೆ ಬಂತು. ಹತ್ತು ನಿಮಿಷದ ಕೆಲಸ. ಒಂದು ಕಾಸೂ ಖರ್ಚಿಲ್ಲ. 'ದುಡ್ಡು ಕೊಡಿ, ಖಾತೆ ತೆರೆದುಕೊಡುತ್ತೇನೆ' ಎನ್ನುವವರು ಯಾರೇ ಆಗಲಿ, ನಂಬಬೇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಗುಪ್ತಸಂಖ್ಯೆ ನನ್ನ ಫೋನಿಗೇ ಬಂತು, ಏಕೆಂದರೆ ಖಾತೆಯಲ್ಲಿದ್ದುದು ನನ್ನದೇ ಸಂಖ್ಯೆ. ನಮ್ಮ ಸಂಘದ ಒಬ್ಬ ಹೆಣ್ಣುಮಗಳಿಗೆ ಹಾಗಾಗಲಿಲ್ಲ. ಫೋನು ಕೊಂಡ ದಿನ ಅಂಗಡಿಯ ಹುಡುಗ ಖಾತೆ ತೆರೆದುಕೊಟ್ಟಿದ್ದ. ಪಕ್ಕದಲ್ಲಿ ನಿಂತಿದ್ದ ಗಂಡ ತನ್ನ ಸಂಖ್ಯೆ ಹೇಳಿದ್ದ. ಎರಡು ವರ್ಷ ಅವಳಿಗೆ ಇದರ ಅರ್ಥವೇ ತಿಳಿಯಲಿಲ್ಲ. ಜಗಳ ಬೆಳೆದು ಅವಳು ತವರಿಗೆ ಬಂದ ವಾರದಲ್ಲೇ ಆತ 'ಪಾಸ್‌ವರ್ಡ್ ಮರೆತಿದೆ' ಎಂದು ಒತ್ತಿದ. ಗುಪ್ತಸಂಖ್ಯೆ ಅವನಿಗೇ ಹೋಯಿತು. ಅವಳ ಗಾಯಗಳ ಫೋಟೋ, ವಕೀಲರಿಗೆ ಬರೆದ ಪತ್ರ ಎಲ್ಲವೂ ಅವನ ಕೈ ಸೇರಿದವು. ಬೀಗ ಒಡೆಯುವ ಕಷ್ಟವೂ ಅವನಿಗಿರಲಿಲ್ಲ.

ಆದ್ದರಿಂದ ಹೇಳುತ್ತೇನೆ, ಪಾಸ್‌ವರ್ಡ್ ತಿಳಿದವರಷ್ಟೇ ಖಾತೆಯ ಒಡೆಯರಲ್ಲ. ಮರೆತಾಗ ಗುಪ್ತಸಂಖ್ಯೆ ಯಾರ ಫೋನಿಗೆ ಬರುತ್ತದೋ ಕೊನೆಯ ಮಾತು ಅವರದ್ದೇ. 'ಮನೆಯಲ್ಲಿ ಯಾರದಾದರೂ ನಂಬರ್ ಕೊಟ್ಟರಾಯಿತು, ಎಲ್ಲ ಒಂದೇ ಅಲ್ಲವೇ' ಎನ್ನುವವರಿದ್ದಾರೆ. ಹಾಗಿದ್ದರೆ ಗಂಡನ ಖಾತೆಗೆ ಹೆಂಡತಿಯ ಸಂಖ್ಯೆ ಕೊಟ್ಟ ಮನೆ ಎಷ್ಟಿವೆ, ಎಣಿಸಿ ನೋಡೋಣ. ಪ್ರೀತಿಯಿರುವ ಮನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಸಂಖ್ಯೆ ಇದ್ದರೆ ಪ್ರೀತಿಯೇನೂ ಸೋರಿಹೋಗುವುದಿಲ್ಲ.

ಮರೆಯುವ ಮೊದಲೇ ಮಾಡಬೇಕಾದ ಕೆಲವು ಕೆಲಸಗಳಿವೆ. ನಿಮ್ಮ ಹೆಸರಿನಲ್ಲೇ ಒಂದು ಸಿಮ್ ಇರಲಿ. ಖಾತೆಗೆ ಅದೇ ಸಂಖ್ಯೆ ಕೊಡಿ. ಅದಕ್ಕೆ ಆಗಾಗ ಹಣ ಹಾಕಿಸಿ, ಬಳಸುತ್ತಿರಿ. ತಿಂಗಳುಗಟ್ಟಲೆ ಬಿಟ್ಟರೆ ಕಂಪನಿಯವರು ಸಂಖ್ಯೆಯನ್ನು ನಿಲ್ಲಿಸಿ, ಕೆಲಕಾಲದ ನಂತರ ಬೇರೆಯವರಿಗೆ ಕೊಟ್ಟುಬಿಡಬಹುದು. ಆಗ ನಿಮ್ಮ ಗುಪ್ತಸಂಖ್ಯೆ ಅಪರಿಚಿತರಿಗೆ ಹೋದೀತು. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಹಾಕಿಕೊಂಡವರಿಗೆ 10 ಗುಪ್ತಸಂಖ್ಯೆಗಳನ್ನು ಮೊದಲೇ ಕೊಡುತ್ತಾರೆ. ಫೋನು ಕಳೆದುಹೋದರೂ ಅವುಗಳಿಂದ ಒಳಹೋಗಬಹುದು. ಬರೆದು ಭದ್ರವಾಗಿಡಿ. ವಾಟ್ಸಾಪಿಗೂ ಆರು ಅಂಕಿಯ ಪಿನ್ ಹಾಕಿ, ಜೊತೆಗೆ ನಿಮ್ಮ ಇಮೇಲ್ ಕೊಡಿ.

ಪಾಸ್‌ವರ್ಡನ್ನು ಕಾಗದದಲ್ಲಿ ಬರೆಯಬಾರದು ಎಂದು ಹೆದರಿಸುವುದುಂಟು. ನನ್ನ ಮಾತು ಬೇರೆ. ನಿಮ್ಮ ಪೆಟ್ಟಿಗೆಗೆ ಬೇರೆಯವರು ಕೈ ಹಾಕುವುದಿಲ್ಲವಾದರೆ ನೋಟುಪುಸ್ತಕದಲ್ಲಿ ಬರೆದಿಡುವುದೇ ಮೇಲು; ಎಲ್ಲದಕ್ಕೂ ಮಗನ ಹುಟ್ಟಿದ ದಿನವನ್ನೇ ಪಾಸ್‌ವರ್ಡ್ ಮಾಡುವುದಕ್ಕಿಂತ ಅದು ಸಾವಿರ ಪಾಲು ವಾಸಿ. ಮನೆ ಸುರಕ್ಷಿತವಲ್ಲದಿದ್ದರೆ ನಂಬಿಕೆಯ ಗೆಳತಿಯ ಮನೆಯಲ್ಲಿಡಿ.

ಬ್ಯಾಂಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಯುಪಿಐ ಪಿನ್ ಮರೆತರೆ ಅದೇ ಆ್ಯಪಿನಲ್ಲಿ, ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು ಕೊಟ್ಟು ಹೊಸದು ಮಾಡಿಕೊಳ್ಳಬಹುದು. ತಿಳಿಯದಿದ್ದರೆ ಪಾಸ್‌ಬುಕ್ಕು ಹಿಡಿದು ಶಾಖೆಗೇ ಹೋಗಿ. ಓಟಿಪಿಯನ್ನು ಬ್ಯಾಂಕಿನವರೂ ಕೇಳುವುದಿಲ್ಲ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿದರೆ ನಿಮ್ಮ ಹಣ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಅಳುತ್ತ ಕುಳಿತ ಒಂದೊಂದು ಗಂಟೆಯೂ ಕಳ್ಳನ ಲಾಭ.

ಭಯದಲ್ಲಿ ಬದುಕುತ್ತಿರುವ ಸೋದರಿಯರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಖಾತೆಯಲ್ಲಿರುವ ಗಂಡನ ಸಂಖ್ಯೆಯನ್ನು ಇದ್ದಕ್ಕಿದ್ದಂತೆ ಬದಲಿಸಬೇಡಿ. ಬದಲಾದ ಸುದ್ದಿ ಹಳೆಯ ಸಂಖ್ಯೆಗೋ ಇಮೇಲಿಗೋ ಹೋಗಬಹುದು. ಬದಲಿಸಿದ ಮೇಲೂ 7 ದಿನಗಳವರೆಗೆ ಹಳೆಯ ಸಂಖ್ಯೆಗೆ ಗುಪ್ತಸಂಖ್ಯೆ ಕಳಿಸುವ ಅವಕಾಶವನ್ನು ಗೂಗಲ್ ಇಟ್ಟುಕೊಂಡಿರುತ್ತದೆ. ಆ ಏಳು ದಿನ ನೀವು ಅದೇ ಸೂರಿನಡಿ ಇದ್ದರೆ ಏಟು ಬೀಳುವುದು ನಿಮಗೇ. ಅದಕ್ಕಿಂತ ಗೆಳತಿಯ ಫೋನಿನಲ್ಲಿ ಹೊಸ ಖಾತೆಯೊಂದನ್ನು ತೆರೆದು, ಮುಖ್ಯ ಕಾಗದಪತ್ರಗಳನ್ನು ಅಲ್ಲಿಗೆ ಸಾಗಿಸಿ. ಸುರಕ್ಷಿತ ಜಾಗ ಸೇರಿದ ಮೇಲೆ ಹಳೆಯದನ್ನು ಸರಿಪಡಿಸಿ. ಪಾಸ್‌ವರ್ಡ್ ಬದಲಿಸಿ, ಯಾವ ಯಾವ ಫೋನುಗಳಲ್ಲಿ ನಿಮ್ಮ ಖಾತೆ ತೆರೆದಿದೆ ಎಂಬ ಪಟ್ಟಿ ನೋಡಿ, ನಿಮ್ಮದಲ್ಲದ್ದನ್ನು ಹೊರಹಾಕಿ. ನೆರವು ಬೇಕಾದರೆ ಮಹಿಳಾ ಸಹಾಯವಾಣಿ 181 ಇದೆ.

ಕಾನೂನು ನಮ್ಮ ಪರವಾಗಿದೆ. ಬೇರೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಅಪರಾಧ. 3 ವರ್ಷದವರೆಗೆ ಸೆರೆವಾಸ, 1 ಲಕ್ಷದವರೆಗೆ ದಂಡ. ಗಂಡನಿಗೆ ರಿಯಾಯಿತಿ ಎಂದು ಅಲ್ಲಿ ಬರೆದಿಲ್ಲ. ಹೆಣ್ಣಿಗೆ ಹಕ್ಕಿರುವ ಹಣ, ಸ್ತ್ರೀಧನ, ಸೌಲಭ್ಯಗಳನ್ನು ತಡೆಯುವುದನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಆರ್ಥಿಕ ದೌರ್ಜನ್ಯ ಎಂದೇ ಕರೆಯುತ್ತದೆ. ಅಜ್ಜಿಯ ಕಾಲಕ್ಕೆ ಪದ್ಧತಿಯಾಗಿದ್ದಕ್ಕೆ ಈಗ ಸರಿಯಾದ ಹೆಸರು ಬಂದಿದೆ.

ಆದರೆ ಕಾನೂನು ಬರುವುದು ಬಾಗಿಲು ಮುರಿದ ಮೇಲೆ. ಅದಕ್ಕೆ ಮೊದಲು ನಾವು ಮಾಡಬಹುದಾದದ್ದು ಇಷ್ಟು. ಬರುವ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಹೆಚ್ಚು ಕುಳಿತುಕೊಳ್ಳಿ. ಒಬ್ಬೊಬ್ಬರೂ ತಮ್ಮ ತಮ್ಮ ಫೋನು ತೆರೆದು, ತಮ್ಮ ಖಾತೆಯಲ್ಲಿರುವ ಸಂಖ್ಯೆ ಯಾರದ್ದೆಂದು ತಾವೇ ನೋಡಲಿ. ತಿಳಿದವಳು ತೋರಿಸಲಿ, ಆದರೆ ಒತ್ತುವ ಬೆರಳು ಖಾತೆಯವಳದ್ದೇ ಆಗಿರಲಿ. ಸಹಿ ಕಲಿಯುವಾಗ ನಮ್ಮ ಕೈಯನ್ನು ಬೇರೆಯವರು ಹಿಡಿದು ಬರೆಸಿದರು; ಆದರೂ ಆ ಹೆಸರು ನಮ್ಮದೇ ಆಗಿತ್ತಲ್ಲವೇ?

ಮರೆತರೆ ನಗುವುದು ಬೇಡ, ಬೈಯುವುದೂ ಬೇಡ. ಮರೆತವಳು ನಮ್ಮಲ್ಲಿಗೆ ಬಂದು ಹೇಳುವಂತಾದರೆ ಸಾಕು, ಆಕೆ ಆ 'ಅಮ್ಮಾ' ಎನ್ನುವವನಿಗೆ ಫೋನು ಮಾಡುವುದಿಲ್ಲ.