ಆದಿವಾಸಿ ಮಹಿಳೆಗೆ ಶಾಲು ಸಾಕು, ಮೈಕು ಬೇಡವೇ?

ಆಗಸ್ಟ್ 9ರ ವಿಶ್ವ ಆದಿವಾಸಿ ದಿನವೋ ಮಾರ್ಚ್ 8ರ ಮಹಿಳಾ ದಿನವೋ ಸಮೀಪಿಸಿದೊಡನೆ ಘಟ್ಟದ ಮೇಲಿನ ಮತ್ತು ಕೆಳಗಿನ ಕಾಲೇಜುಗಳಲ್ಲಿ ಉಪನ್ಯಾಸ ಮಾಲಿಕೆಗಳು ಆರಂಭವಾಗುತ್ತವೆ. 'ಬುಡಕಟ್ಟು ಮಹಿಳೆ: ಸಮಸ್ಯೆ ಮತ್ತು ಸವಾಲು' ಎಂಬುದು ಬಹುತೇಕ ಸಿದ್ಧ ಶೀರ್ಷಿಕೆ. ಪ್ರಾಧ್ಯಾಪಕರೊಬ್ಬರು ಒಂದು ಗಂಟೆ ಮಾತನಾಡುತ್ತಾರೆ. ಅಧಿಕಾರಿಯೊಬ್ಬರು ಯೋಜನೆಗಳ ಪಟ್ಟಿ ಓದುತ್ತಾರೆ. ಹಾಡಿಯಿಂದಲೋ ಪೋಡಿನಿಂದಲೋ ಕರೆತಂದ ಮಹಿಳೆ ಹಾಡೊಂದನ್ನು ಹಾಡಿ, ಶಾಲು ಹೊದೆಸಿಕೊಂಡು, ಫೋಟೋಗೆ ನಿಂತು ಕಡೆಯ ಬಸ್ಸು ಹಿಡಿಯುತ್ತಾರೆ. ಅವರ ಕುರಿತು ಎಲ್ಲರೂ ಮಾತನಾಡಿರುತ್ತಾರೆ, ಅವರೊಬ್ಬರನ್ನುಳಿದು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನೇ ನೆನೆಯಬಹುದು. ಶಾಲೆಯ ಮೆಟ್ಟಿಲು ಹತ್ತದ ಈ ಹಾಲಕ್ಕಿ ಮಹಿಳೆ ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಯಾಗಿ ಸೇರಿ ದಶಕಗಳ ಕಾಲ ಸಸಿ ಬೆಳೆಸಿದರು. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕು, ಅದನ್ನು ಮೊಳೆಯಿಸುವ ಬಗೆ ಯಾವುದು ಎಂಬುದು ಅವರಿಗೆ ಕರತಲಾಮಲಕವಾಗಿತ್ತು. 2021ರಲ್ಲಿ ಬರಿಗಾಲಿನಲ್ಲೇ ನಡೆದು ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ಬರಿಗಾಲಿಗೆ ದೊರೆತ ಪ್ರಚಾರದಲ್ಲಿ ಕಾಲುಪಾಲಾದರೂ ಆ ಬೀಜವಿದ್ಯೆಗೆ ದೊರೆಯಿತೇ?

ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ಬಹಳ ಹಳೆಯದು. ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡರು ಅದಕ್ಕಾಗಿ ದನಿಯೆತ್ತಿದ್ದರು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗಲೂ ಅದು ಈಡೇರಿರಲಿಲ್ಲ. ಅವರ ಹಾಡನ್ನು ಎಲ್ಲರೂ ಕೇಳಿದರು, ಬೇಡಿಕೆಯನ್ನಲ್ಲ. ಪಟ್ಟಿಯೊಳಗಿದ್ದರೇನು, ಹೊರಗಿದ್ದರೇನು ಎನ್ನುವ ವಿದ್ಯಾರ್ಥಿಗಳು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಓದಬೇಕು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುನ್ನ ಭೂಮಿ ತಮ್ಮ ಅನುಭವದಲ್ಲಿತ್ತೆಂದು ತೋರಿಸಿದರೆ ಸಾಕು. ಇತರ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೂ ಪುರಾವೆ ಒದಗಿಸಬೇಕು. ಅಕ್ಷರ ಬಾರದ ಅಜ್ಜಿಯ ಬಳಿ 1930ರ ಕಾಗದ ಎಲ್ಲಿಂದ ಬರಬೇಕು? ನಿಯಮಾವಳಿಯೇನೋ ಊರಿನ ಹಿರಿಯರ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪುತ್ತದೆ. ಕಚೇರಿ ಕೇಳುವುದು ಮಾತ್ರ ಕಾಗದವನ್ನೇ.

ಅದೇ ಕಾಯಿದೆ ಮಹಿಳೆಯರಿಗೆ ಕೊಟ್ಟಿರುವುದಾದರೂ ಏನು? ವಿವಾಹಿತರಿದ್ದಲ್ಲಿ ಹಕ್ಕುಪತ್ರವು ಪತಿ-ಪತ್ನಿ ಇಬ್ಬರ ಹೆಸರಿನಲ್ಲೂ ಇರತಕ್ಕದ್ದು. ಕುಟುಂಬಕ್ಕೆ ಒಬ್ಬಳೇ ಯಜಮಾನಿಯಾದರೆ ಅವಳ ಹೆಸರಿನಲ್ಲೇ. ಅರಣ್ಯ ಹಕ್ಕು ಸಮಿತಿಯಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. 2012ರ ತಿದ್ದುಪಡಿಯಂತೆ ಗ್ರಾಮಸಭೆಯಲ್ಲಿ ಹಾಜರಿದ್ದವರಲ್ಲೂ ಅಷ್ಟೇ ಪಾಲು. ಇಷ್ಟನ್ನು ಬಿಡಿಸಿ ಹೇಳಲು ಅರ್ಧ ಗಂಟೆ ಸಾಕು. ಆದರೆ ಉಪನ್ಯಾಸಗಳು 'ಸಬಲೀಕರಣ' ಎಂಬ ಪದದ ಸುತ್ತಲೇ ಗಾಣದೆತ್ತಿನಂತೆ ಸುತ್ತುತ್ತವೆ.

ಪಿತ್ರಾರ್ಜಿತ ಆಸ್ತಿಯ ಕಥೆಯಂತೂ ಇನ್ನೂ ಕಹಿಯಾದುದು. ಹೆಣ್ಣುಮಕ್ಕಳಿಗೆ 2005ರಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯಿದೆ ಪರಿಶಿಷ್ಟ ಪಂಗಡಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಛತ್ತೀಸಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ, ಪಾಲು ನಿರಾಕರಿಸುವ ಪದ್ಧತಿಯೇ ರುಜುವಾತಾಗದಿರುವಾಗ ಮಹಿಳೆಯನ್ನು ಹೊರಗಿಡುವುದು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಹೇಳಿತು. ಈ ತೀರ್ಪು ಎಷ್ಟು ಹಾಡಿಗಳನ್ನು ತಲುಪಿದೆ?

ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಅದಕ್ಕೂ ಮುನ್ನ ಕಿರು ಅರಣ್ಯ ಉತ್ಪನ್ನಗಳ ಮಾರಾಟಕ್ಕೆ ನಿಷೇಧ ಬಿದ್ದ ವರ್ಷಗಳಲ್ಲಿ ಒಲೆ ಹೇಗೆ ಉರಿಯಿತೆಂಬುದನ್ನು ಪೋಡಿನ ಹೆಂಗಸರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಮಾಲಿಕೆಯ ಮೊದಲ ಉಪನ್ಯಾಸ ಅವರದಾಗಲಿ. ಪ್ರಾಧ್ಯಾಪಕರು ಎದುರು ಕುಳಿತು ಬರೆದುಕೊಳ್ಳಲಿ. ಪ್ರಾಧ್ಯಾಪಕರಿಗೆ ಸಲ್ಲುವ ಗೌರವಧನ, ಪ್ರಯಾಣ ಭತ್ಯೆಗಳು ಈ ಹೆಂಗಸರಿಗೂ ಸಲ್ಲಲಿ. ಒಂದು ದಿನದ ಕೂಲಿ ಕಳೆದುಕೊಂಡು ಬರುವವರು ಇವರೇ.