ವಿಮಾನದ ಎಂಜಿನ್ ಎಷ್ಟು ಗಂಟೆಗೆ ಬಿಚ್ಚಬೇಕು? ಹೈದರಾಬಾದಿಗೆ ಹೋದ ಕೆಲಸ, ಪೀಣ್ಯಕ್ಕೆ ಉಳಿದ ದಾರಿ

ಬೆಂಗಳೂರು: 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಮುಂಗಡ ಟಿಕೆಟ್ ಮಾಡಿಸಿದ್ದವರು ರೀಫಂಡಿಗೆ ಅಲೆದಿದ್ದು ನೆನಪಿರಬಹುದು. ಅರ್ಧದಷ್ಟು ವಿಮಾನ ಎಂಜಿನ್ ತೊಂದರೆಯಿಂದ ನಿಂತಿವೆ ಅಂತ ಕಂಪನಿ ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿಯನ್ನು ದೂರಿತು. ತಯಾರಕರು ಅದನ್ನು ಒಪ್ಪಲಿಲ್ಲ. ಆದ್ರೆ ಜುಲೈನಲ್ಲಿ ಇನ್ನೊಂದು ಸುದ್ದಿಯನ್ನು ಅವರ ಕಡೆಯಿಂದಲೇ ಹೇಳಬೇಕಾಯ್ತು. 2015ರ ಕೊನೆಯಿಂದ 2021ರವರೆಗೆ ಎಂಜಿನ್ನಿನ ಡಿಸ್ಕ್‌ಗಳಿಗೆ ಬಳಸಿದ ಲೋಹದ ಪುಡಿಯಲ್ಲಿ ಕಲ್ಮಶ ಸೇರಿತ್ತು, ಗಡುವಿಗೆ ಮೊದಲೇ ಬಿಚ್ಚಿ ನೋಡಬೇಕು ಅಂತ. ಒಂದು ಎಂಜಿನ್ ಇಳಿಸಿ, ಸರಿಮಾಡಿ, ವಾಪಸ್ ಕೂರಿಸೋಕೆ 250ರಿಂದ 300 ದಿನ. 2024ರ ಆರಂಭಕ್ಕೆ ಇಂಡಿಗೋದ 70ಕ್ಕೂ ಹೆಚ್ಚು ವಿಮಾನಗಳು ನೆಲದ ಮೇಲಿದ್ದವು. ಸೀಟು ಕಮ್ಮಿಯಾದ್ರೆ ಟಿಕೆಟ್ ದರ ಎತ್ತ ಹೋಗುತ್ತೆ ಅಂತ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದ್ರೆ ಒಂದು ಎಂಜಿನ್ ಎಷ್ಟು ಓಡಬೇಕು?

ಲಾರಿಗೆ ಕಿಲೋಮೀಟರ್ ಲೆಕ್ಕ. ಜೆಟ್ ಎಂಜಿನ್ನಿಗೆ ಗಂಟೆ ಜೊತೆಗೆ ‘ಸೈಕಲ್’ ಲೆಕ್ಕ. ಒಮ್ಮೆ ಹಾರಿ ಇಳಿದರೆ ಒಂದು ಸೈಕಲ್. ಬೆಂಗಳೂರಿಂದ ಮಂಗಳೂರಿಗೆ ಸುಮಾರು ಒಂದು ಗಂಟೆ, ಒಂದು ಸೈಕಲ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಶುರುಮಾಡಿದ ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ ಹಾರಾಟ 16 ಗಂಟೆ ಮೀರುತ್ತಿತ್ತು, ಅದೂ ಒಂದೇ ಸೈಕಲ್. ಎಂಜಿನ್ ಹೆಚ್ಚು ಸವೆಯೋದು ಮೇಲೇರುವಾಗ, ಪೂರ್ತಿ ಬಿಸಿಯಲ್ಲಿ. ಕೆಂಗೇರಿ ದಾಟಿ ಮೈಸೂರು ಹೈವೇಯಲ್ಲಿ ಓಡೋ ಬಸ್ಸಿಗೂ, ಮಾಗಡಿ ರಸ್ತೆಯಲ್ಲಿ ಸ್ಟಾಪ್ ಸ್ಟಾಪಿಗೂ ನಿಲ್ಲೋ ಬಸ್ಸಿಗೂ ಇರೋ ವ್ಯತ್ಯಾಸವೇ ಇದು.

ಬೋಯಿಂಗ್ 737ರ ಸಿಎಫ್‌ಎಂ56 ಎಂಜಿನ್‌ಗಳು ಮೊದಲ ದೊಡ್ಡ ರಿಪೇರಿಗೆ ಮುಂಚೆ 20 ಸಾವಿರ ಗಂಟೆ ದಾಟಿದ್ದುಂಟು. ಇಂತಿಷ್ಟೇ ಗಂಟೆ ಅಂತ ಈಗ ಕಟ್ಟುನಿಟ್ಟಿಲ್ಲ. ಒಳಗೆ ಸಣ್ಣ ಕ್ಯಾಮೆರಾ ಇಳಿಸಿ ಬ್ಲೇಡು ನೋಡುತ್ತಾರೆ, ಬಿಸಿ ಎಷ್ಟು ಏರುತ್ತಿದೆ ಅಂತ ಗಮನಿಸುತ್ತಾರೆ. ತಿರುಗೋ ಡಿಸ್ಕ್‌ಗಳದ್ದು ಮಾತ್ರ ಬೇರೆ ಕಥೆ. ಭಾಗ ನೋಡಿಕೊಂಡು 15ರಿಂದ 30 ಸಾವಿರ ಸೈಕಲ್ ಆದ ಮೇಲೆ, ನೋಡೋಕೆ ಹೊಸದರ ಹಾಗಿದ್ದರೂ ತೆಗೆದು ಹಾಕಲೇಬೇಕು. ಬಿಸಿಲು, ಧೂಳಿರೋ ನಮ್ಮಂಥ ಕಡೆ ಎಂಜಿನ್ ಬೇಗ ಇಳಿಯುತ್ತೆ. ಯುದ್ಧವಿಮಾನದ ಆಯಸ್ಸು ಇನ್ನೂ ಕಮ್ಮಿ: ಸುಖೋಯ್-30ರ ಎಂಜಿನ್ನಿಗೆ ಸುಮಾರು 1 ಸಾವಿರ ಗಂಟೆಗೊಮ್ಮೆ ಓವರ್‌ಹಾಲ್. ಅದು ಒಡಿಶಾದ ಕೋರಾಪುಟ್‌ನ ಎಚ್‌ಎಎಲ್‌ನಲ್ಲಿ ನಡೆಯುತ್ತೆ.

1957ರಿಂದ ಎಚ್‌ಎಎಲ್ ಎಂಜಿನ್ ವಿಭಾಗ ಇರೋ ಊರು ಬೆಂಗಳೂರು. ಹಾಗಿದ್ದೂ ಪ್ರಯಾಣಿಕ ವಿಮಾನಗಳ ಲೀಪ್ ಎಂಜಿನ್ ಬಿಚ್ಚಿ ಜೋಡಿಸೋ ಸಾಫ್ರಾನ್ ಕೇಂದ್ರ 2025ರ ನವೆಂಬರ್ 26ರಂದು ಉದ್ಘಾಟನೆಯಾಗಿದ್ದು ಹೈದರಾಬಾದಿನಲ್ಲಿ. ಹೂಡಿಕೆ ಸುಮಾರು 1,300 ಕೋಟಿ. 2035ರ ಹೊತ್ತಿಗೆ ವರ್ಷಕ್ಕೆ 300 ಎಂಜಿನ್ ಗುರಿ. ಈ ಕೆಲಸಕ್ಕೆ ಜಿಎಸ್‌ಟಿಯನ್ನು 18ರಿಂದ ಶೇ 5ಕ್ಕೆ ಇಳಿಸಿದ್ದು 2020ರಲ್ಲೇ. ಅಂದ್ರೆ ಬರೀ ತೆರಿಗೆ ಇಳಿದ ಮಾತ್ರಕ್ಕೆ ಕೆಲಸ ನಮ್ಮೂರಿಗೇ ಬರಲ್ಲ.

ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯ, ಪೀಣ್ಯದ ಸಣ್ಣ ವರ್ಕ್‌ಶಾಪಿನವರಿಗೆ ಇದರಲ್ಲಿ ಏನಿದೆ? ಲೇತ್, ಮಿಲ್ಲಿಂಗ್ ಕೈಗುಣಕ್ಕೆ ಇಲ್ಲಿ ಬರವಿಲ್ಲ. ಕೊರತೆ ಇರೋದು ಕಾಗದದಲ್ಲಿ. ಯಾವ್ಯಾವ ಎಂಜಿನ್ ಇಳಿಸಬೇಕು ಅಂತ ಪ್ರ್ಯಾಟ್ ಅಂಡ್ ವಿಟ್ನಿಗೆ ಗೊತ್ತಾಗಿದ್ದೇ ಡಿಸ್ಕಿನ ನಂಬರು, ತಯಾರಾದ ಅವಧಿಯ ದಾಖಲೆಯಿಂದ. ಎಂಜಿನ್ ಒಳಗೆ ಹೋಗೋ ಪ್ರತಿ ತುಂಡಿಗೂ ಅಂಥದ್ದೇ ಜಾತಕ ಬೇಕು: ಲೋಹ ಯಾವ ಬ್ಯಾಚು, ಯಾರು ಅಳೆದರು, ಯಾವ ಯಂತ್ರದಲ್ಲಿ. ಎಎಸ್9100 ಪ್ರಮಾಣಪತ್ರ ಕೇಳೋದು ಅದಕ್ಕೇ. ನಾಲ್ಕೈದು ಜನರ ಶೆಡ್ಡಿಗೆ ಅದರ ಖರ್ಚು, ಬರವಣಿಗೆ ಕೆಲಸ ಎರಡೂ ಭಾರ. ಸರ್ಕಾರ ಸಬ್ಸಿಡಿ ಕೊಡೋದಾದ್ರೆ ಹೊಸ ಶೆಡ್ಡಿಗಿಂತ ಮೊದಲು ಇದಕ್ಕೆ ಕೊಡಬೇಕು.

ಎಂಜಿನ್ ಒಳಗಿನ ಭಾಗಕ್ಕಿಂತ ಹೊರಗಿನ ಸಾಮಾನು ಸುಲಭ. ಇಳಿಸಿದ ಎಂಜಿನ್ ಇಡೋ ಸ್ಟ್ಯಾಂಡು, ಹಿಡಿದಿಡೋ ಫಿಕ್ಸ್ಚರು, ಬಿಚ್ಚೋ ಟೂಲು. ಪೀಣ್ಯದವರು ಕಾರು, ಯಂತ್ರಗಳ ಕಾರ್ಖಾನೆಗಳಿಗೆ ಇಂಥವನ್ನು ಮಾಡಿ ಕೊಟ್ಟೇ ಬೆಳೆದವರು. ಹೈದರಾಬಾದ್ ಇಲ್ಲಿಂದ ಒಂದು ರಾತ್ರಿಯ ಲಾರಿ ದಾರಿ.